ಸೋಂಕು ಮತ್ತು ರೋಗನಿರೋಧಕತೆ: ಅಂತಿಮ ಪರೀಕ್ಷೆಗೆ ಓದುವುದು ಹೇಗೆ?

ಈ ವಿಷಯದಲ್ಲಿ ಹೆಸರುಗಳ ರಾಶಿಯೇ ಇದೆ. ಬಾಯಿಪಾಠಕ್ಕೆ ಇಳಿದರೆ ಐಜಿಎಂ, ಐಜಿಜಿ (ಎರಡು ಬಗೆಯ ಆಂಟಿಬಾಡಿ, ಅಂದರೆ ಪ್ರತಿಕಾಯ), ಸಿಡಿ4, ಸಿಡಿ8 (ಎರಡು ಬಗೆಯ ಟಿ ಕೋಶ) ಎಲ್ಲವೂ ಕಲಸಿಹೋಗುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹಿಡಿದು ಓದಿ.

ಒಂದು ಎ4 ಹಾಳೆಯನ್ನು ಅಡ್ಡ ಇಟ್ಟು ಗೆರೆ ಎಳೆಯಿರಿ. ಸೋಂಕು ತಗುಲಿದ ಮೊದಲ 4 ಗಂಟೆ: ಚರ್ಮ, ಲೋಳೆಪೊರೆ, ಲೈಸೋಜೈಮ್ (ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಕಿಣ್ವ), ಕಾಂಪ್ಲಿಮೆಂಟ್ (ರೋಗಾಣುವಿನ ಮೇಲೆ ದಾಳಿ ಮಾಡುವ ರಕ್ತದ ಪ್ರೋಟೀನ್‌ಗಳು). 4ರಿಂದ 96 ಗಂಟೆ: ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣ), ಸೈಟೋಕೈನ್‌ಗಳು (ಕೋಶಗಳು ಕಳಿಸುವ ಸಂಕೇತ ಪ್ರೋಟೀನ್), ಜ್ವರ. ಅದರಾಚೆಗೆ ಟಿ ಮತ್ತು ಬಿ ಕೋಶಗಳು; ಮೊದಲು ಐಜಿಎಂ, ಹಿಂದೆಯೇ ಐಜಿಜಿ. ಅದೇ ಆಂಟಿಜೆನ್ (ದೇಹ ಪರಕೀಯವೆಂದು ಗುರುತಿಸುವ ವಸ್ತು) ಎರಡನೇ ಸಲ ಬಂದರೆ ಐಜಿಜಿ ಬೇಗ, ಹೆಚ್ಚು ಪ್ರಮಾಣದಲ್ಲಿ ಏರುತ್ತದೆ.

ಇದೇ ಗೆರೆಯ ಕೆಳಗೆ ಲ್ಯಾಬ್ ಪರೀಕ್ಷೆಗಳನ್ನು ಬರೆಯಿರಿ. ಡೆಂಗ್ಯೂಗೆ ಮೊದಲ 5 ದಿನ ಎನ್‌ಎಸ್1 (ವೈರಸ್‌ನದೇ ಪ್ರೋಟೀನ್), ನಂತರ ಐಜಿಎಂ. ಟೈಫಾಯಿಡ್‌ಗೆ ಮೊದಲ ವಾರ ರಕ್ತದ ಕಲ್ಚರ್, ಎರಡನೇ ವಾರದಿಂದ ವಿಡಾಲ್ (ಆಂಟಿಬಾಡಿ ಹುಡುಕುವ ಪರೀಕ್ಷೆ). ‘ಜ್ವರ ಬಂದು 3 ದಿನವಾಗಿದೆ, ಯಾವ ಪರೀಕ್ಷೆ?’ ಎಂಬ ಪ್ರಶ್ನೆಯಲ್ಲಿ ವಿಡಾಲ್ ಬರೆದು ಅಂಕ ಕಳೆದುಕೊಳ್ಳುವವರು ಆಂಟಿಬಾಡಿ ಹುಟ್ಟಲು ದಿನಗಳು ಬೇಕೆಂಬುದನ್ನು ಮರೆತಿರುತ್ತಾರೆ. ನವಜಾತ ಶಿಶುವಿನ ಪ್ರಶ್ನೆಯೂ ಹೀಗೆಯೇ: ಐಜಿಜಿ ತಾಯಿಯಿಂದ ಬಂದಿರಬಹುದು, ಐಜಿಎಂ ಮಾಸು ದಾಟುವುದಿಲ್ಲ, ಆದ್ದರಿಂದ ಅದು ಸಿಕ್ಕರೆ ಸೋಂಕು ಮಗುವಿನದೇ.

ಎಂಎಚ್‌ಸಿಗೆ (ಆಂಟಿಜೆನ್‌ನ ತುಂಡನ್ನು ಟಿ ಕೋಶಕ್ಕೆ ತೋರಿಸುವ ಪ್ರೋಟೀನ್) ಗುಣಾಕಾರ ಸಾಕು: 1×8=8, 2×4=8, ಅಂದರೆ ಕ್ಲಾಸ್ 1ಕ್ಕೆ ಸಿಡಿ8, ಕ್ಲಾಸ್ 2ಕ್ಕೆ ಸಿಡಿ4. ಆದರೆ ಉತ್ತರದಲ್ಲಿ ಕಾರಣವನ್ನೂ ಬರೆಯಬೇಕು. ವೈರಸ್‌ನ ಪ್ರೋಟೀನ್ ಕೋಶದೊಳಗೇ ತಯಾರಾಗಿ, ಪ್ರೋಟಿಯಾಸೋಮ್‌ನಲ್ಲಿ (ಕೋಶದ ಪ್ರೋಟೀನ್ ಕತ್ತರಿ) ತುಂಡಾಗಿ ಕ್ಲಾಸ್ 1ರ ಮೇಲೆ ಕಾಣಿಸುತ್ತದೆ. ಸಿಡಿ8 ಆ ಕೋಶವನ್ನೇ ಕೊಲ್ಲುತ್ತದೆ. ನುಂಗಿದ ಬ್ಯಾಕ್ಟೀರಿಯಾದ ತುಂಡು ಕ್ಲಾಸ್ 2ರ ಮೇಲೆ ಬರುತ್ತದೆ. ಸಿಡಿ4 ನೆರವು ಕರೆಯುತ್ತದೆ.

ಹೈಪರ್‌ಸೆನ್ಸಿಟಿವಿಟಿಯ (ರಕ್ಷಣಾ ವ್ಯವಸ್ಥೆಯ ಅತಿಪ್ರತಿಕ್ರಿಯೆ) ನಾಲ್ಕು ಬಗೆಗಳಲ್ಲಿ ಗೊಂದಲವಾಗುವುದು 2 ಮತ್ತು 3ರ ನಡುವೆ. ಆಂಟಿಜೆನ್ ಕೋಶಕ್ಕೆ ಅಂಟಿದ್ದರೆ 2 (ಗುಂಪು ಹೊಂದದ ರಕ್ತ ಕೊಟ್ಟಾಗ), ರಕ್ತದಲ್ಲಿ ಕರಗಿ ಆಂಟಿಬಾಡಿಯೊಡನೆ ಗಂಟುಕಟ್ಟಿ ಮೂತ್ರಪಿಂಡದಂಥ ಕಡೆ ಕೂತರೆ 3. ಕ್ಷಯಕ್ಕೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆಯನ್ನು 48–72 ಗಂಟೆಗೆ ನೋಡುವುದು ಟಿ ಕೋಶಗಳು ಬಂದು ಸೇರಲು ಅಷ್ಟು ಹೊತ್ತು ಬೇಕೆಂದು, ಅದು 4.

ರೇಬೀಸ್ ಒಂದನ್ನು ಚೆನ್ನಾಗಿ ಕಲಿಯಿರಿ, ಸಕ್ರಿಯ (ದೇಹವೇ ಆಂಟಿಬಾಡಿ ತಯಾರಿಸುವ) ಮತ್ತು ನಿಷ್ಕ್ರಿಯ (ಸಿದ್ಧ ಆಂಟಿಬಾಡಿ ಕೊಡುವ) ರಕ್ಷಣೆ ಎರಡೂ ಅದರಲ್ಲೇ ಸಿಗುತ್ತವೆ. ಸ್ನಾಯುವಿಗೆ ಲಸಿಕೆ 0, 3, 7, 14, 28ನೇ ದಿನ; ಗಾಯದೊಳಗೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಆಂಟಿಬಾಡಿ) 0ನೇ ದಿನ. ಎರಡನ್ನೂ ಒಂದೇ ಜಾಗಕ್ಕೆ ಚುಚ್ಚಬಾರದು, ಲಸಿಕೆಯ ಆಂಟಿಜೆನ್ ಅಲ್ಲೇ ನಿಷ್ಫಲವಾಗುತ್ತದೆ. ಮೊದಲ ಲಸಿಕೆಯಾಗಿ 7 ದಿನ ಕಳೆದರೆ ಇಮ್ಯುನೋಗ್ಲಾಬ್ಯುಲಿನ್ ಬೇಡ, ದೇಹದ ಸ್ವಂತ ಆಂಟಿಬಾಡಿ ಆಗಲೇ ಹುಟ್ಟುತ್ತಿರುತ್ತದೆ. ಕರ್ನಾಟಕದ ವಿದ್ಯಾರ್ಥಿಗಳು ಮಂಗನ ಕಾಯಿಲೆಯನ್ನು ಬಿಡಬೇಡಿ: ಮೊದಲು ಕಂಡದ್ದು 1957, ಶಿವಮೊಗ್ಗ ಜಿಲ್ಲೆ, ಫ್ಲೇವಿವೈರಸ್, ಹರಡುವುದು ಉಣ್ಣೆ ಹುಳ (ಟಿಕ್).

ಮರುದಿನ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಅದೇ ಗೆರೆಯನ್ನು ಮತ್ತೆ ತುಂಬಿಸಿ. ಕೈ ಎಲ್ಲಿ ನಿಂತಿತೋ ಅಷ್ಟನ್ನೇ ಓದಿ. ಗೊತ್ತಿರುವ ಪುಟಗಳಿಗೆ ಬಣ್ಣ ಬಳಿಯುತ್ತ ಕೂತರೆ ಹೊತ್ತು ಹೋಗುತ್ತದೆ. ಕಾಂಪ್ಲಿಮೆಂಟ್ ಚಿತ್ರವನ್ನಂತೂ ನೋಡದೆ ಬರೆದು ರೂಢಿಸಿಕೊಳ್ಳಿ: ಕ್ಲಾಸಿಕಲ್, ಲೆಕ್ಟಿನ್, ಆಲ್ಟರ್ನೇಟಿವ್ ಮೂರೂ ಸಿ3ರಲ್ಲಿ ಕೂಡಬೇಕು, ಕೊನೆಗೆ ಸಿ5ಬಿಯಿಂದ ಸಿ9 ಸೇರಿ ಪೊರೆಗೆ ತೂತು ಕೊರೆಯಬೇಕು. ಈ ಕೊನೆಯ ಘಟಕಗಳ ಕೊರತೆಯಿದ್ದವರಿಗೆ ನೈಸೀರಿಯಾ ಬ್ಯಾಕ್ಟೀರಿಯಾದ ಸೋಂಕು ಮರುಕಳಿಸುತ್ತದೆ ಎಂಬ ಸಾಲನ್ನು ಚಿತ್ರದ ಪಕ್ಕದಲ್ಲೇ ಬರೆಯಿರಿ.