ಗ್ರೇಸ್ ಹಾಪರ್ ಹೆಸರಿನಲ್ಲಿ ಒಂದು ಕ್ರಿಸ್‌ಮಸ್ ಮರ: ನನ್ನ ಅನುಭವ

ಕಂಪ್ಯೂಟರಿನ ಚರಿತ್ರೆಯಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವ ಹೆಸರು ಅಮೆರಿಕದ ನೌಕಾಪಡೆಯ ಅಧಿಕಾರಿಯೂ ಕಂಪ್ಯೂಟರ್ ವಿಜ್ಞಾನಿಯೂ ಆಗಿದ್ದ ಗ್ರೇಸ್ ಹಾಪರ್ ಅವರದು. ಅವರು ಹುಟ್ಟಿದ್ದು 1906ರ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ, ತೀರಿಕೊಂಡದ್ದು 1992ರ ಜನವರಿ 1ರಂದು. ವರ್ಷದ ಕೊನೆಯ ಹಬ್ಬದ ದಿನಗಳು ಈ ಎರಡು ದಿನಾಂಕಗಳ ನಡುವೆಯೇ ಬರುವುದರಿಂದ, ಕ್ರಿಸ್‌ಮಸ್ ಮರದ ಅಲಂಕಾರವನ್ನೂ ಆಗ ಕೊಡುವ ಉಡುಗೊರೆಗಳನ್ನೂ ಅವರ ಹೆಸರಿನಲ್ಲಿಯೇ ಮಾಡುವ ರೂಢಿಯನ್ನು ಇಟ್ಟುಕೊಂಡಿದ್ದೇನೆ. ಅವರ ಭಾವಚಿತ್ರವನ್ನು ಮುದ್ರಿಸಿ ಬಣ್ಣದ ಗೋಲಗಳ ಮೇಲೆ ಅಂಟಿಸುವುದು ಸುಲಭದ ದಾರಿಯೇನೋ ಹೌದು. ಆದರೆ ಹಾಪರ್ ಅವರು ಕಣ್ಣಿಗೆ ಕಾಣದ ಸಂಗತಿಗಳನ್ನು ಜನರ ಕೈಗೆ ಕೊಟ್ಟು ತಿಳಿಸಿದವರು. ಅವರನ್ನು ಗೌರವಿಸುವ ಅಲಂಕಾರವೂ ಕೈಯಲ್ಲಿ ಹಿಡಿದು ನೋಡಿದಾಗ ಏನನ್ನಾದರೂ ತಿಳಿಸುವಂತಿರಬೇಕು, ಅದರ ಅಳತೆಯೂ ಸರಿಯಾಗಿರಬೇಕು ಎಂಬುದು ನನ್ನ ನಿಲುವು.

ಈ ಮರದ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ತೂಗುವುದು ತಂತಿಯ ತುಂಡುಗಳು. ಉಪಗ್ರಹದ ಮೂಲಕ ಸಂದೇಶ ತಲುಪಲು ಅಷ್ಟು ಹೊತ್ತು ಏಕೆ ಬೇಕು ಎಂದು ಸೇನಾಧಿಕಾರಿಗಳು ಕೇಳಿದಾಗ, ಹಾಪರ್ ಅವರು ಸುಮಾರು 11.8 ಇಂಚು ಉದ್ದದ ತಂತಿಯ ತುಂಡೊಂದನ್ನು ತೋರಿಸಿ, ಒಂದು ನ್ಯಾನೊಸೆಕೆಂಡಿನಲ್ಲಿ (ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ) ವಿದ್ಯುತ್ತು ಹೆಚ್ಚೆಂದರೆ ಇಷ್ಟು ದೂರ ಸಾಗಬಲ್ಲದು, ಇಲ್ಲಿಂದ ಉಪಗ್ರಹದವರೆಗೆ ಇಂತಹ ತುಂಡುಗಳು ಲೆಕ್ಕವಿಲ್ಲದಷ್ಟಿವೆ ಎಂದು ವಿವರಿಸುತ್ತಿದ್ದರು. ತಮ್ಮ ಉಪನ್ಯಾಸಗಳಿಗೆ ಬಂದವರಿಗೂ ಇಂತಹ ತುಂಡುಗಳನ್ನು ಹಂಚುತ್ತಿದ್ದರು. ಉಡುಗೊರೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಉತ್ತಮ ಮಾದರಿ ನನಗೆ ಸಿಕ್ಕಿಲ್ಲ.

ಅವರು ಬಳಸಿದ್ದು ಟೆಲಿಫೋನ್ ಕೇಬಲ್ಲಿನ ತಂತಿ. ನಾನೂ ಅದನ್ನೇ ಬಳಸುತ್ತೇನೆ. ಒಂಟಿ ಎಳೆಯ ತಾಮ್ರಕ್ಕೆ ಬಣ್ಣದ ಪ್ಲಾಸ್ಟಿಕ್ ಹೊದಿಕೆಯಿರುವುದರಿಂದ ಕೆಂಪು, ಹಸಿರು, ಬಿಳಿ ತಂತಿಗಳನ್ನು ಆರಿಸಿಕೊಂಡರೆ ಬೇರೆ ಬಣ್ಣ ಬಳಿಯುವ ಅಗತ್ಯವೇ ಬರುವುದಿಲ್ಲ. ಸುರುಳಿಯಿಂದ ಬಿಚ್ಚಿದ ತಂತಿ ಬಾಗಿರುತ್ತದೆ. ಅದರ ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿದು, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಬಲವಾಗಿ ಜಗ್ಗಿದರೆ ನೆಟ್ಟಗಾಗುತ್ತದೆ. ನಂತರ ಸ್ಟೀಲ್ ಸ್ಕೇಲಿನ ಮೇಲಿಟ್ಟು 30 ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಕಡಿಮೆ ಅಳತೆಗೆ ಕತ್ತರಿಸುತ್ತೇನೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸಾಗುವ ದೂರ 29.98 ಸೆಂಟಿಮೀಟರ್. ತೂಗುಹಾಕಲು ತಂತಿಯ ತುದಿಯನ್ನೇ ಕೊಕ್ಕೆಯಂತೆ ಬಾಗಿಸಬಾರದು. ಹಾಗೆ ಮಾಡಿದರೆ ನೋಡುವವರ ಕಣ್ಣಿಗೆ ಆ ದೂರ ಒಂದೆರಡು ಸೆಂಟಿಮೀಟರ್ ಗಿಡ್ಡವಾಗುತ್ತದೆ, ಇಡೀ ವಸ್ತುವಿನ ಅರ್ಥವೇ ಹೋಗುತ್ತದೆ. ತುದಿಗೆ ತೆಳುವಾದ ದಾರವನ್ನು ಗಂಟು ಹಾಕಿ, ಗಂಟಿನ ಮೇಲೆ ಒಂದು ಹನಿ ಗೋಂದನ್ನು ಬಿಟ್ಟರೆ ತಂತಿ ನೇರವಾಗಿ ತೂಗುತ್ತದೆ. ಜೊತೆಗಿಡುವ ಚೀಟಿಯಲ್ಲಿ, ಇದು ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಸಾಗುವ ದೂರ ಎಂದು ಬರೆಯುತ್ತೇನೆ. ನಿಜವಾದ ತಂತಿಯಲ್ಲಿ ಸಂಕೇತದ ವೇಗ ಇದಕ್ಕಿಂತ ಕಡಿಮೆಯಿರುತ್ತದೆಯಾದ್ದರಿಂದ ಆ ‘ನಿರ್ವಾತದಲ್ಲಿ’ ಎಂಬ ಮಾತನ್ನು ಬಿಡುವಂತಿಲ್ಲ.

ಹಾಪರ್ ಅವರ ಬಳಿ ಮೈಕ್ರೊಸೆಕೆಂಡ್, ಅಂದರೆ ಸಾವಿರ ನ್ಯಾನೊಸೆಕೆಂಡ್, ಕೂಡ ಇತ್ತು: 984 ಅಡಿ ಉದ್ದದ ತಂತಿಯ ದೊಡ್ಡ ಸುರುಳಿ. ಪ್ರೋಗ್ರಾಂ ಬರೆಯುವ ಪ್ರತಿಯೊಬ್ಬರ ಮೇಜಿನ ಮೇಲೆ ಇಂತಹದೊಂದನ್ನು ತೂಗುಹಾಕಿದರೆ ತಾವು ಎಷ್ಟನ್ನು ಪೋಲು ಮಾಡುತ್ತಿದ್ದೇವೆಂದು ಅವರಿಗೆ ತಿಳಿದೀತು ಎಂಬರ್ಥದ ಮಾತನ್ನು ಅವರು ಆಡುತ್ತಿದ್ದರು. ಬಾಗಿಲಿಗೆ ಕಟ್ಟುವ ಕ್ರಿಸ್‌ಮಸ್ ಹಸಿರುಬಳೆಯೂ ಒಂದು ಸುರುಳಿಯೇ ಆದ್ದರಿಂದ ನನ್ನದನ್ನು ಮೋಟಾರು ಸುತ್ತಲು ಬಳಸುವ 0.2 ಮಿಲಿಮೀಟರ್ ದಪ್ಪದ ಎನಾಮಲ್ ತಾಮ್ರದ ತಂತಿಯಿಂದ ಮಾಡಿದ್ದೇನೆ. 30 ಸೆಂಟಿಮೀಟರ್ ವ್ಯಾಸದ ಬಳೆಯ ಒಂದು ಸುತ್ತು ಸುಮಾರು 94 ಸೆಂಟಿಮೀಟರ್ ಆಗುತ್ತದೆ. 318 ಸುತ್ತು ಹಾಕಿದರೆ 300 ಮೀಟರಿಗೆ ಬಹಳ ಹತ್ತಿರ ಬರುತ್ತದೆ. ಅಷ್ಟೂ ತಾಮ್ರದ ತೂಕ ಸುಮಾರು 85 ಗ್ರಾಂ ಮಾತ್ರ, ಹಾಗಾಗಿ ರಟ್ಟಿನ ಬಳೆಯೇ ಅದನ್ನು ತಾಳಿಕೊಳ್ಳುತ್ತದೆ. ಸುತ್ತಿನ ಮೇಲೆ ಸುತ್ತು ಏರಿಸುತ್ತ ಹೋದರೆ ಹೊರಗಿನ ಸುತ್ತುಗಳು ಉದ್ದವಾಗಿ ಲೆಕ್ಕ ತಪ್ಪುತ್ತದೆ. ಅಂಚನ್ನು ಎರಡು ಸೆಂಟಿಮೀಟರ್ ಅಗಲ ಮಾಡಿಕೊಂಡು, ತಂತಿಯನ್ನು ಅದರ ಮೇಲೆ ಹರಡಿ ಸುತ್ತಿದರೆ ವ್ಯತ್ಯಾಸ ಉಪೇಕ್ಷಿಸುವಷ್ಟು ಸಣ್ಣದಾಗಿರುತ್ತದೆ. ಪ್ರತಿ ಐವತ್ತು ಸುತ್ತಿಗೊಮ್ಮೆ ಕೆಂಪು ದಾರದ ಗುರುತು ಕಟ್ಟಿದರೆ ಎಣಿಕೆ ತಪ್ಪುವುದಿಲ್ಲ, ನೋಡಲೂ ಚೆನ್ನಾಗಿರುತ್ತದೆ. ಇದನ್ನು ಬಾಗಿಲಿಗಿಂತ ಕೆಲಸದ ಮೇಜಿನ ಮೇಲ್ಗಡೆ ತೂಗುಹಾಕುವುದೇ ಹೆಚ್ಚು ಸರಿ. ನ್ಯಾನೊಸೆಕೆಂಡಿನ ಸಾವಿರದ ಒಂದು ಪಾಲಾದ ಪಿಕೊಸೆಕೆಂಡಿಗೆ ಅವರು ತೋರಿಸುತ್ತಿದ್ದುದು ಪುಡಿ ಮಾಡಿದ ಕಾಳುಮೆಣಸನ್ನು. ಸಣ್ಣ ಗಾಜಿನ ಸೀಸೆಯಲ್ಲಿ ಅದನ್ನು ಒಂದು ಚಿಟಿಕೆ ತುಂಬಿ ಮುಚ್ಚಿದರೆ ಮೂರನೆಯ ಅಳತೆಯೂ ಮರಕ್ಕೆ ಬಂದಂತಾಯಿತು.

ಮರಕ್ಕೆ ಸುತ್ತುವ ಕಾಗದದ ಸರಪಳಿಗೆ ಆರಂಭಕಾಲದ ಕಂಪ್ಯೂಟರಾದ ಹಾರ್ವರ್ಡ್ ಮಾರ್ಕ್ 1 ಯಂತ್ರವೇ ಮಾದರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯನ್ನು ಸೇರಿದ ಹಾಪರ್ ಅವರು, ಅದನ್ನು ರೂಪಿಸಿದ ಹೊವರ್ಡ್ ಐಕೆನ್ ಅವರ ತಂಡದಲ್ಲಿ ಪ್ರೋಗ್ರಾಂ ಬರೆದದ್ದು ಈ ಯಂತ್ರಕ್ಕೆ. ಅದು ತನ್ನ ಆದೇಶಗಳನ್ನು 24 ಸಾಲುಗಳಲ್ಲಿ ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಓದುತ್ತಿತ್ತು, ಮತ್ತು ಅದೇ ಆದೇಶಗಳು ಮತ್ತೆ ಮತ್ತೆ ನಡೆಯಬೇಕಾದಾಗ ಪಟ್ಟಿಯ ಕೊನೆಯನ್ನು ಅದರ ಮೊದಲಿಗೇ ಅಂಟಿಸಿ ಬಳೆ ಮಾಡುತ್ತಿದ್ದರು. ಕಾಗದದ ಸರಪಳಿಯ ಒಂದೊಂದು ಕೊಂಡಿಯೂ ಹೀಗೆ ಒಂದೊಂದು ಲೂಪ್ ಆಗಿಬಿಡುತ್ತದೆ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ದಪ್ಪ ಕಾಗದದ ಪಟ್ಟಿಯ ಅಗಲದಲ್ಲಿ ಎಂಟೆಂಟರ ಮೂರು ಗುಂಪುಗಳಾಗಿ ಪೆನ್ಸಿಲ್ ಗುರುತು ಹಾಕಿಕೊಂಡು ಚಿಕ್ಕ ಪಂಚ್‌ನಿಂದ ರಂಧ್ರ ಕೊರೆಯುತ್ತೇನೆ. ಹಿಂದಿನಿಂದ ದೀಪದ ಬೆಳಕು ಬಿದ್ದಾಗ ರಂಧ್ರಗಳು ಚುಕ್ಕಿಗಳಂತೆ ಹೊಳೆಯುವುದರಿಂದ, ಸರಪಳಿಯನ್ನು ದೀಪದ ಸರದ ಮುಂದೆ ಕಟ್ಟಬೇಕು.

ಕಂಪ್ಯೂಟರಿನ ದೋಷವನ್ನು ‘ಬಗ್’ (ಕೀಟ) ಎನ್ನುವುದರಿಂದ, ಹಾಪರ್ ಎಂದೊಡನೆ ಎಲ್ಲರೂ ಕೇಳುವ ಪತಂಗವೂ ಇದೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಯಂತ್ರದ ರಿಲೇಯೊಂದರಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಸಿಕ್ಕ ಪತಂಗವನ್ನು ದಿನಚರಿ ಪುಸ್ತಕದ ಪುಟಕ್ಕೆ ಟೇಪಿನಿಂದ ಅಂಟಿಸಿಟ್ಟರು. ಆ ಪುಸ್ತಕ ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಹಾಪರ್ ಅವರೇ ಹಿಡಿದರೆಂದು ಹಲವರು ಬರೆಯುತ್ತಾರೆ. ಹಿಡಿದವರು ಯಂತ್ರವನ್ನು ನಡೆಸುತ್ತಿದ್ದವರು. ಆ ಪ್ರಸಂಗವನ್ನು ಸೊಗಸಾಗಿ ಹೇಳಿ ಲೋಕಕ್ಕೆಲ್ಲ ತಿಳಿಸಿದವರು ಹಾಪರ್. ಕಂದು ಕಾಗದದಲ್ಲಿ ಕತ್ತರಿಸಿದ ಪತಂಗವನ್ನು ಗೆರೆ ಹಾಕಿದ ಹಾಳೆಗೆ ಪಾರದರ್ಶಕ ಟೇಪಿನಿಂದ ಅಂಟಿಸಿ ಪುಟ್ಟ ಚೌಕಟ್ಟಿನಲ್ಲಿ ತೂಗುಹಾಕುವ ನಾನು, ಅದರ ಹಿಂಬದಿಯಲ್ಲಿ ಈ ಸಂಗತಿಯನ್ನೂ ಬರೆದಿಡುತ್ತೇನೆ.

ಉಡುಗೊರೆಯ ಪೊಟ್ಟಣಗಳಿಗೆ ಹೆಸರಿನ ಚೀಟಿಯಾಗಿ, ಯಂತ್ರ ಓದುವಂತೆ ರಂಧ್ರ ಕೊರೆದ ರಟ್ಟಾದ ಪಂಚ್ ಕಾರ್ಡನ್ನು ಬಳಸುತ್ತೇನೆ. 1952ರಲ್ಲಿ ಎ-0 ಎಂಬ ಕಂಪೈಲರನ್ನು, ಅಂದರೆ ಬರೆದ ಆದೇಶಗಳನ್ನು ಯಂತ್ರದ ಸಂಕೇತಕ್ಕೆ ತರುವ ಪ್ರೋಗ್ರಾಮನ್ನು, ರೂಪಿಸಿದ ಹಾಪರ್ ಅವರು ಮುಂದೆ ಇಂಗ್ಲಿಷ್ ಪದಗಳಲ್ಲಿಯೇ ಆದೇಶ ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ಬೆಳೆಸಿದರು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಯ ಮೇಲೆ ಅದರ ಪ್ರಭಾವ ದೊಡ್ಡದು, ಮತ್ತು ದಶಕಗಳ ಕಾಲ ಕೋಬಾಲ್ ಪ್ರೋಗ್ರಾಂಗಳು ಯಂತ್ರವನ್ನು ಸೇರಿದ್ದು 80 ಕಂಬಸಾಲು, 12 ಅಡ್ಡಸಾಲುಗಳ ಈ ಕಾರ್ಡುಗಳ ಮೂಲಕ. 187 ಮಿಲಿಮೀಟರ್ ಉದ್ದ, 83 ಮಿಲಿಮೀಟರ್ ಅಗಲದ ರಟ್ಟಿನ ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿ, ಪಡೆಯುವವರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ರಂಧ್ರಗಳಾಗಿ ಕೊರೆಯುತ್ತೇನೆ. ಅಡ್ಡಸಾಲುಗಳ ಹೆಸರು ಮೇಲಿನಿಂದ ಕೆಳಕ್ಕೆ 12, 11, ಸೊನ್ನೆ, ನಂತರ 1ರಿಂದ 9. ಪ್ರತಿ ಅಕ್ಷರಕ್ಕೂ ಒಂದು ಕಂಬಸಾಲಿನಲ್ಲಿ ಎರಡು ರಂಧ್ರ: ಎ ಇಂದ ಐ ವರೆಗಿನ ಅಕ್ಷರಗಳಿಗೆ ಅತ್ಯಂತ ಮೇಲಿನ 12ನೆಯ ಸಾಲಿನಲ್ಲಿ ಒಂದು, ಜೊತೆಗೆ 1ರಿಂದ 9ರವರೆಗಿನ ಸಾಲುಗಳಲ್ಲಿ ಒಂದು, ಜೆ ಇಂದ ಆರ್ ವರೆಗೆ 11ನೆಯ ಸಾಲು ಮತ್ತು 1ರಿಂದ 9, ಎಸ್ ಇಂದ ಝಡ್ ವರೆಗೆ ಸೊನ್ನೆಯ ಸಾಲು ಮತ್ತು 2ರಿಂದ 9. ಹರಿತವಾದ ಬ್ಲೇಡಿನಿಂದ ಕಿರಿದಾದ ಆಯತಗಳನ್ನೇ ಕೊರೆಯಬೇಕು, ದುಂಡು ರಂಧ್ರ ಈ ಕಾರ್ಡಿಗೆ ಒಪ್ಪುವುದಿಲ್ಲ. ಸಂಕೇತದ ಕೋಷ್ಟಕವನ್ನು ಹಿಂಬದಿಯಲ್ಲಿ ಬರೆದರೆ ಮಕ್ಕಳು ತಮ್ಮ ಪೊಟ್ಟಣವನ್ನು ತಾವೇ ಹುಡುಕಿಕೊಳ್ಳುತ್ತಾರೆ.

ಆಪ್ತರಿಗೆ ಕೊಡುವ ದೊಡ್ಡ ಉಡುಗೊರೆ ಹಿಮ್ಮುಖವಾಗಿ ಓಡುವ ಗಡಿಯಾರ. ಎಲ್ಲವೂ ಹಿಂದಿನಿಂದ ಹೀಗೆಯೇ ನಡೆದುಬಂದಿದೆ ಎಂಬ ವಾದವನ್ನು ಒಪ್ಪದ ಹಾಪರ್ ಅವರು ತಮ್ಮ ಕಚೇರಿಯಲ್ಲಿ ಅಂತಹದೊಂದನ್ನು ಇಟ್ಟುಕೊಂಡಿದ್ದರು. ಸಾಮಾನ್ಯ ಕ್ವಾರ್ಟ್ಸ್ ಗೋಡೆ ಗಡಿಯಾರವನ್ನೇ ಹೀಗೆ ಮಾರ್ಪಡಿಸಬಹುದು. ಮುಳ್ಳುಗಳನ್ನು ಕಳಚಿ, ಹಿಂದಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತೆರೆದು, ಚಕ್ರಗಳಿರುವ ಸ್ಥಾನದ ಫೋಟೋ ತೆಗೆದಿಟ್ಟುಕೊಳ್ಳಬೇಕು. ಪುಟ್ಟ ಅಯಸ್ಕಾಂತದ ಚಕ್ರದ ಸುತ್ತ ಇರುವ ಲೋಹದ ಚಪ್ಪಟೆ ತುಣುಕು, ಅಂದರೆ ಸ್ಟೇಟರ್, ಅದನ್ನು ಎತ್ತಿ ಮಗುಚಿ ಮತ್ತೆ ಕೂರಿಸಿದರೆ ಸಾಕು. ಅಯಸ್ಕಾಂತವು ಯಾವ ಕಡೆಗೆ ತುಸು ಓರೆಯಾಗಿ ನಿಲ್ಲಬೇಕೆಂಬುದನ್ನು ಆ ತುಣುಕಿನ ಆಕಾರವೇ ನಿರ್ಧರಿಸುತ್ತದೆ, ಹಾಗಾಗಿ ಅದನ್ನು ಮಗುಚಿದಾಗ ತಿರುಗುವ ದಿಕ್ಕೂ ಬದಲಾಗುತ್ತದೆ. ಸೆಲ್ಲನ್ನು ತಿರುಗಿಸಿ ಹಾಕುವುದರಿಂದ ಇದು ಆಗುವುದಿಲ್ಲ. ನಂತರ ಹೊಸ ಮುಖಫಲಕವನ್ನು ಬರೆಯಬೇಕು: 12 ಮೇಲೆಯೇ ಇರುತ್ತದೆ, ಅದರ ಬಲಕ್ಕೆ 11 ಬರುತ್ತದೆ, 3 ಮತ್ತು 9 ಸ್ಥಾನ ಬದಲಿಸುತ್ತವೆ. ಅಂಕಿಗಳನ್ನು ಕನ್ನಡಿಯ ಬಿಂಬದಂತೆ ತಿರುಚಬಾರದು, ಏಕೆಂದರೆ ಈ ಗಡಿಯಾರ ತೋರಿಸುವ ಸಮಯ ಪೂರ್ತಿ ಸರಿಯಾಗಿಯೇ ಇರುತ್ತದೆ.

ಚಿಕ್ಕವರಿಗೆ ಬೇರೆ ಗಡಿಯಾರ. ಹಾಪರ್ ಅವರು ಏಳರ ವಯಸ್ಸಿನಲ್ಲಿ ಮನೆಯ ಅಲಾರಾಂ ಗಡಿಯಾರಗಳನ್ನು ಒಂದರ ಹಿಂದೆ ಒಂದು ಬಿಚ್ಚಿಟ್ಟು, ಕೊನೆಗೆ ಬಿಚ್ಚಲು ಒಂದೇ ಗಡಿಯಾರ ಎಂದು ತಾಯಿಯಿಂದ ಕಟ್ಟಪ್ಪಣೆ ಪಡೆದವರು. ಆದ್ದರಿಂದ ಕೀಲಿ ಕೊಡುವ ಹಳೆಯ ಅಲಾರಾಂ ಗಡಿಯಾರವೊಂದನ್ನು, ಅದರ ತಿರುಪುಗಳಿಗೆ ಸರಿಹೊಂದುವ ಸ್ಕ್ರೂಡ್ರೈವರ್ ಮತ್ತು ಬಿಡಿಭಾಗಗಳನ್ನಿಡಲು ಒಂದು ತಟ್ಟೆಯ ಜೊತೆಗೆ ಕಟ್ಟಿಕೊಡುತ್ತೇನೆ. ಕೊಡುವ ಮೊದಲು ಗಡಿಯಾರದ ಸ್ಪ್ರಿಂಗ್ ಮತ್ತು ಅಲಾರಾಮಿನ ಸ್ಪ್ರಿಂಗ್ ಎರಡನ್ನೂ ಪೂರ್ತಿ ಸಡಿಲವಾಗುವವರೆಗೆ ಓಡಲು ಬಿಡಬೇಕು. ಬಿಗಿದಿರುವ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಬೆರಳು ಕೊಯ್ಯುತ್ತದೆ, ಮತ್ತು ಮೊದಲ ತಿರುಪನ್ನು ಬಿಚ್ಚುವಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು.