ಪ್ರವಾಸ ರದ್ದು ಮಾಡಬೇಕಾ, ಬೇಡವಾ: ಶಿರಾಡಿ ಇಳಿಯುವ ಮೊದಲು ನಾನು ಬರೆಯುವ ಒಂದು ಪುಟ

ನಮ್ಮದು ಹಾಸನ. ಪ್ರವಾಸ ಅಂದರೆ ಹನ್ನೆರಡು ಜನ. ಅಮ್ಮನಿಗೆ ಎಪ್ಪತ್ತಾರು, ತಂಗಿಯ ಚಿಕ್ಕ ಮಗಳಿಗೆ ನಾಲ್ಕು. ಎಲ್ಲರಿಗೂ ಒಟ್ಟಿಗೆ ರಜೆ ಸಿಗೋದು ಆಗಸ್ಟ್ 15ರ ಆಸುಪಾಸಿನಲ್ಲಿ ಮಾತ್ರ. ಕರಾವಳಿಗೆ ಇಳಿಯುವ ಶಿರಾಡಿ ಘಾಟಿಯಲ್ಲಿ ಮಳೆ ಜೋರಾಗಿರೋದೂ ಆಗಲೇ. ಹಾಗಾಗಿ ಪ್ರತಿ ವರ್ಷ ಹೊರಡುವ ಹಿಂದಿನ ವಾರ ಮನೆಯಲ್ಲಿ ಒಂದೇ ಜಗಳ. ಹೋಗೋದಾ, ಬಿಡೋದಾ?

ಈ ಸಲ ಜಗಳ ಆಗಲಿಲ್ಲ. ಅದಕ್ಕೆ ಕಾರಣ ನನ್ನ ನೋಟ್‌ಬುಕ್ಕಿನ ಒಂದು ಪುಟ. ಜುಲೈನಲ್ಲಿ ಅದನ್ನು ನೋಡಿ "ಮಳೆಗೂ ಲೆಕ್ಕ ಇಡ್ತೀಯೇನೋ?" ಅಂದಿದ್ದ ಭಾವ ಈಗ ಅದರ ಫೋಟೊ ಕಳಿಸು ಅಂತಿದ್ದಾರೆ.

ಸೋತ ಕತೆ ಮೊದಲು. 2018ರಲ್ಲಿ ಮಡಿಕೇರಿ ಹತ್ತಿರ ಒಂದು ಹೋಮ್‌ಸ್ಟೇಗೆ ಹನ್ನೆರಡು ಸಾವಿರದಷ್ಟು ಮುಂಗಡ ಕೊಟ್ಟಿದ್ದೆ. ಆ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮಳೆಗೆ ಗುಡ್ಡಗಳು ಕುಸಿದದ್ದು ನಿಮಗೆ ಗೊತ್ತು. ನಾನು ದಿನಾ ಟಿವಿ ನೋಡುತ್ತಾ "ನಾಳೆ ನೋಡೋಣ" ಅಂತಲೇ ಕೂತಿದ್ದೆ. ಹೊರಡುವ ಬೆಳಿಗ್ಗೆ ಟೆಂಪೊ ಟ್ರಾವೆಲರ್ ಮನೆ ಮುಂದೆ ನಿಂತಿತ್ತು, ಬ್ಯಾಗ್ ಎಲ್ಲ ಮೇಲೆ ಕಟ್ಟಿ ಆಗಿತ್ತು. ಆಗ ಹೋಮ್‌ಸ್ಟೇಯ ಅಕ್ಕ ತಾವೇ ಫೋನ್ ಮಾಡಿ, "ಬರಬೇಡಿ ಅಣ್ಣ, ನಾವೇ ಮನೆ ಬಿಟ್ಟು ಬಂದಿದ್ದೇವೆ" ಅಂದರು. ಅವರ ಹತ್ತಿರ ದುಡ್ಡು ಕೇಳೋಕೆ ಬಾಯಿ ಬರಲಿಲ್ಲ. ಇವತ್ತಿಗೂ ಕೇಳಿಲ್ಲ. ಅವರು ಫೋನ್ ಮಾಡದೇ ಇದ್ದಿದ್ದರೆ ಅಷ್ಟೂ ಜನರನ್ನು ಕೂರಿಸಿಕೊಂಡು ನಾನು ಹೊರಟೇ ಬಿಡುತ್ತಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ.

ಆ ಭಯದಲ್ಲಿ ಮುಂದೆ ಒಂದು ವರ್ಷ ತದ್ವಿರುದ್ಧ ತಪ್ಪು ಮಾಡಿದೆ. ವಾಟ್ಸಾಪ್‌ನಲ್ಲಿ ಗುಡ್ಡ ಜಾರುವ ವಿಡಿಯೊ ಬಂತು. ಹೊರಡುವ ಹಿಂದಿನ ರಾತ್ರಿ ಎಲ್ಲವನ್ನೂ ರದ್ದು ಮಾಡಿದೆ. ಉಡುಪಿ ಕಡೆಯ ರೆಸಾರ್ಟ್‌ನವರು ಒಂದು ಪೈಸೆ ವಾಪಸ್ ಕೊಡಲಿಲ್ಲ. ಗಾಡಿ ಮುಂಗಡವೂ ಸೇರಿ ಇಪ್ಪತ್ತೈದು ಸಾವಿರ ಹೋಯಿತು. ಆ ವಿಡಿಯೊ ಹಳೇದು, ನಮ್ಮ ರಾಜ್ಯದ್ದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಪಕ್ಕದ ಬೀದಿಯವರು ಅದೇ ದಿನ ಹೋಗಿ ಆರಾಮಾಗಿ ಬಂದರು. ಮಕ್ಕಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

2024ರಲ್ಲಿ ರೈಲಿನಲ್ಲೇ ಹೋಗೋಣ ಅಂದುಕೊಂಡೆ. ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್. 26ಕ್ಕೆ ನಮ್ಮ ಘಾಟಿಯ ರೈಲು ದಾರಿಯಲ್ಲಿ, ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿತು. ಸುಮಾರು ಎರಡು ವಾರ ರೈಲು ಇರಲಿಲ್ಲ. 30ಕ್ಕೆ ಕೇರಳದ ವಯನಾಡಿನಲ್ಲಿ ಭೂಕುಸಿತ. ರೈಲ್ವೆಯವರೇ ರದ್ದು ಮಾಡಿದ್ದರಿಂದ ಟಿಕೆಟ್ ದುಡ್ಡು ಪೂರ್ತಿ ಬಂತು. ರೂಮಿನದು ಬರಲಿಲ್ಲ. ಆವತ್ತು ಲೆಕ್ಕ ಹಾಕಿದರೆ ಮೂರು ಸಲ ಸೇರಿ ಕಳೆದದ್ದು ನಲವತ್ತೈದು ಸಾವಿರದ ಹತ್ತಿರ.

ಕೂತು ಯೋಚನೆ ಮಾಡಿದಾಗ ಒಂದು ಗೊತ್ತಾಯಿತು. ನಾನು ಯಾವತ್ತೂ ಹೆದರಿಕೆ ಹತ್ತಿದ ಮೇಲೆಯೇ ತೀರ್ಮಾನ ಮಾಡುತ್ತಿದ್ದೆ. ಅದನ್ನು ಮಳೆ ಶುರುವಾಗೋ ಮೊದಲೇ, ಮನಸ್ಸು ತಣ್ಣಗಿದ್ದಾಗಲೇ ಬರೆದಿಡಬೇಕು. ಜೊತೆಗೆ, ನಮ್ಮ ಹೆದರಿಕೆ ಇಡೀ ಪ್ರವಾಸದ್ದಲ್ಲ. ಉಡುಪಿಯಲ್ಲಿ ಎಷ್ಟು ಮಳೆ ಬಂದರೂ ರೂಮಿನಲ್ಲಿ ಕೂತು ಗೋಳಿಬಜೆ ತಿನ್ನಬಹುದು, ಅಲ್ವಾ? ಹೆದರಿಕೆ ಇರೋದು ಸಕಲೇಶಪುರ ದಾಟಿದ ಮೇಲೆ ದೋಣಿಗಾಲ್, ಮಾರನಹಳ್ಳಿ, ಅಲ್ಲಿಂದ ಗುಂಡ್ಯದವರೆಗೆ. ಅದರಲ್ಲೂ ರಸ್ತೆ ಅಗಲ ಮಾಡಲು ಗುಡ್ಡವನ್ನು ಗೋಡೆ ಥರ ನೇರಕ್ಕೆ ಕಡಿದ ಜಾಗಗಳಲ್ಲಿ. ಅಷ್ಟಕ್ಕೆ ಮಾತ್ರ ಗೆರೆ ಹಾಕಿದರೆ ಸಾಕು.

ಪುಟದಲ್ಲಿ ಬರೆದದ್ದು ಇಷ್ಟು. ಘಾಟಿಯ ನೆತ್ತಿಯಲ್ಲಿ ಮೂರು ದಿನದ ಮಳೆ ಸೇರಿ ಹತ್ತು ಇಂಚು ದಾಟಿದರೆ ಆವತ್ತು ಘಾಟಿ ಇಲ್ಲ. ಲಾರಿ, ಬಸ್ಸು ನಿಲ್ಲಿಸಿದ್ದರೆ, ಕಾರಿಗೆ ಬಿಟ್ಟರೂ ನಾವು ಇಳಿಯಲ್ಲ. ರಸ್ತೆ ಬದಿ ಚರಂಡಿಯ ನೀರು ತಿಳಿಯಾಗಿ ಹರಿಯುತ್ತಿದ್ದದ್ದು ಕೆಂಪಾಗಿದ್ದರೆ ವಾಪಸ್. ಬೆಳಿಗ್ಗೆ ಏಳರ ಮೊದಲು, ಸಂಜೆ ನಾಲ್ಕರ ಮೇಲೆ ಘಾಟಿಯಲ್ಲಿ ಇರಬಾರದು. ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ: ಇದರಲ್ಲಿ ಒಂದು ಆದರೂ ಸಾಕು, ಚರ್ಚೆ ಇಲ್ಲ. ಒಂದೂ ಆಗದಿದ್ದರೆ ಯಾರು ಏನೇ ಫಾರ್ವರ್ಡ್ ಮಾಡಲಿ, ಹೊರಡೋದೇ. ಕೆಳಗೆ ದೊಡ್ಡವರೆಲ್ಲರ ಸಹಿ. ಅಮ್ಮನದೂ.

ಹತ್ತು ಇಂಚು ನನ್ನ ಲೆಕ್ಕ. ಒಂದು ದಿನದ ಜೋರು ಮಳೆಯನ್ನು ಗುಡ್ಡ ಸಾಮಾನ್ಯವಾಗಿ ಕುಡಿದುಕೊಳ್ಳುತ್ತದೆ. ಮೂರ್ನಾಲ್ಕು ದಿನ ನೆನೆದ ಮೇಲೆ ಬರುವ ಮಳೆ ಹೆಚ್ಚು ಅಪಾಯ. ಹಾಗಾಗಿ ಹವಾಮಾನ ಇಲಾಖೆಯ ಆ ದಿನದ ಅಲರ್ಟ್ ಒಂದನ್ನೇ ನಂಬಿ ಕೂರಲ್ಲ. ಆರೆಂಜ್ ಅಂದರೆ 24 ಗಂಟೆಯಲ್ಲಿ ಹನ್ನೊಂದೂವರೆಯಿಂದ ಇಪ್ಪತ್ತು ಸೆಂಟಿಮೀಟರ್, ನಮ್ಮ ತೋಟದವರ ಮಾತಿನಲ್ಲಿ ನಾಲ್ಕೂವರೆಯಿಂದ ಎಂಟು ಇಂಚು. ಆದರೆ ಅಲರ್ಟ್ ಜಿಲ್ಲೆಗೆಲ್ಲ ಒಂದೇ. ಅರಸೀಕೆರೆಯಲ್ಲಿ ಬಿಸಿಲು ಹೊಡೆಯುತ್ತಿರುವಾಗ ಸಕಲೇಶಪುರದಲ್ಲಿ ಹೊಳೆ ಉಕ್ಕುತ್ತಿರುತ್ತದೆ. ಹಾಸನದ ಆಕಾಶ ನೋಡಿ ಹೊರಡೋದಂತೂ ಶುದ್ಧ ತಪ್ಪು.

ಹಾಗಾದರೆ ಇಂಚಿನ ಲೆಕ್ಕ ಎಲ್ಲಿಂದ? ಮಲೆನಾಡಿನ ಕಾಫಿ ತೋಟದವರ ಹತ್ತಿರ. ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡೋದು ಅವರಿಗೆ ಹಲ್ಲುಜ್ಜಿದ ಹಾಗೆ. ಘಾಟಿಯ ಅಂಚಿನಲ್ಲಿರುವ ಇಬ್ಬರು ನನಗೆ ಬೆಳಿಗ್ಗೆ ಎಂಟಕ್ಕೆ ಅಂಕಿ ಕಳಿಸುತ್ತಾರೆ. ಅವರು ಯಾರು, ಯಾವ ಊರು ಅಂತ ಹೇಳಲ್ಲ. ಎಲ್ಲರೂ ಅವರಿಗೇ ಫೋನ್ ಮಾಡಿದರೆ ನನಗೂ ಇಲ್ಲ, ನಿಮಗೂ ಇಲ್ಲ.

ಬೇರೆ ಪ್ರಯೋಗವೂ ಮಾಡಿದೆ. ಗೊರೂರು ಹೇಮಾವತಿ ಅಣೆಕಟ್ಟಿನ ಒಳಹರಿವನ್ನು ಪೇಪರ್‌ನಲ್ಲಿ ನೋಡಿ ಇಡೀ ಜುಲೈ ಬರೆದೆ. ಹೊಳೆ ಹುಟ್ಟೋದು ಮೂಡಿಗೆರೆ ಕಡೆ, ಬರೋದು ಸಕಲೇಶಪುರದ ಮೇಲೆ. ಹಾಗಾಗಿ ಅಲ್ಲಿಯ ಮಳೆ ಇಲ್ಲಿ ಕಾಣಬೇಕು. ಕಾಣುತ್ತದೆ, ನಿಜ. ಆದರೆ ಆ ಅಂಕಿ ನನ್ನ ಕೈಗೆ ಬರುವಷ್ಟರಲ್ಲಿ ಒಂದು ದಿನ ತಡ. ಬಿಟ್ಟೆ. ಅಮ್ಮನ ಲೆಕ್ಕ ಇದಕ್ಕಿಂತ ಚೆನ್ನಾಗಿತ್ತು. "ಆಶ್ಲೇಷ ಮಳೆ ಈಸಲಾರದ ಹೊಳೆ, ಅದು ಮುಗಿದ ಮೇಲೆ ಹೊರಡಿ" ಅಂದರು. ಹಾಗೆ ಹೊರಡುವ ದಿನವನ್ನು 14ರಿಂದ 17ಕ್ಕೆ ತಳ್ಳಿದೆ. ವಾರಾಂತ್ಯದ ಜನ ವಾಪಸ್ ಬರುವ ಹೊತ್ತು ಅದು, ರೂಮ್ ಬಾಡಿಗೆಯಲ್ಲೂ ನಾಲ್ಕು ಸಾವಿರ ಉಳಿಯಿತು.

ರೂಮ್ ವಿಷಯಕ್ಕೆ ಬಂದರೆ, ಈ ಸಲ ಘಾಟಿ ಬಂದ್ ಆದರೆ ಮುಂಗಡ ವಾಪಸ್, ಇಲ್ಲಾ ಬೇರೆ ತಾರೀಕು ಅಂತ ಮೊದಲೇ ಮೆಸೇಜ್‌ನಲ್ಲಿ ಬರೆಸಿಕೊಂಡೆ. ಮೂರು ಕಡೆ ಕೇಳಿದೆ, ಇಬ್ಬರು ಆಗಲ್ಲ ಅಂದರು, ಮೂರನೆಯವರು ಒಪ್ಪಿದರು. ಒಪ್ಪಿಸಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಉಚಿತವಾಗಿ ರದ್ದು ಮಾಡಲು ಕೊನೆಯ ದಿನ 15. ಪುಟದಲ್ಲಿ ಆ ತಾರೀಕಿಗೆ ಕೆಂಪು ಸುತ್ತು ಹಾಕಿದ್ದೆ.

15ರ ಬೆಳಿಗ್ಗೆ ಅಂಕಿ ಬಂತು. ಮೂರು ದಿನ ಸೇರಿ ನಾಲ್ಕು ಇಂಚು ಚಿಲ್ಲರೆ. ಬೆಂಗಳೂರಿನಿಂದ ಭಾವ ಮೂರು ಸಲ ಫೋನ್ ಮಾಡಿದರು. "ಮಕ್ಕಳಿದ್ದಾರೆ ಕಣೋ, ಸುಮ್ನೆ ಯಾಕೆ ರಿಸ್ಕು?" ಅಂದರು. ಅವರು ಕೇಳಿದ್ದು ತಪ್ಪಲ್ಲ. "ಭಾವ, ಪುಟದಲ್ಲಿ ನಿಮ್ಮ ಸಹಿಯೂ ಇದೆ" ಅಂದೆ. 17ಕ್ಕೆ ಬೆಳಿಗ್ಗೆ ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸಿದೆ. ಮಂಗಳೂರು ಕಡೆಯಿಂದ ಹತ್ತಿ ಬಂದ ಗ್ಯಾಸ್ ಟ್ಯಾಂಕರ್ ಒಂದು ಪಕ್ಕದಲ್ಲೇ ಇತ್ತು. ಬಗ್ಗಿ ಚಕ್ರ ನೋಡಿದೆ. ಮಡ್‌ಗಾರ್ಡ್ ಒಳಗೆ ಬರೀ ಕಪ್ಪು ನೀರು, ಕೆಂಪು ಮಣ್ಣು ಅಂಟಿರಲಿಲ್ಲ. ಡ್ರೈವರ್ "ಎಲ್ಲೂ ನಿಲ್ಲಿಸಿಲ್ಲ ಸಾರ್" ಅಂದರು. ಇಳಿದೆವು. ಒಂಬತ್ತೂವರೆಗೆ ಗುಂಡ್ಯ.

ಪುಟ ನಿಜವಾಗಿ ಕೆಲಸಕ್ಕೆ ಬಂದದ್ದು ವಾಪಸ್ ಬರುವಾಗ. 20ರ ಬೆಳಿಗ್ಗೆ ಒಬ್ಬರು "ನಿನ್ನೆ ಒಂದೇ ದಿನ ಆರೂಕಾಲು" ಅಂತ ಕಳಿಸಿದರು. ಮೂರು ದಿನದ್ದು ಕೂಡಿದರೆ ಹನ್ನೊಂದು ಇಂಚಿನ ಹತ್ತಿರ. ಉಡುಪಿಯಲ್ಲಿ ಬಿಸಿಲು ಬಿದ್ದಿತ್ತು, ಮಕ್ಕಳ ಶಾಲೆ ಮಾರನೇ ದಿನ, ನನ್ನ ಅಂಗಡಿಯೂ ಮುಚ್ಚಿತ್ತು. ತಂಗಿಯ ಗಂಡ ಹೊರಟೇ ಬಿಡೋಣ ಅಂದರು. ನಾನು ಮಾತಾಡಲಿಲ್ಲ, ಪುಟ ತೆಗೆದು ಅವರ ಕೈಗೆ ಕೊಟ್ಟೆ. ಉಳಿದೆವು. ಒಂದು ರಾತ್ರಿಗೆ ಐದೂವರೆ ಸಾವಿರ ಜಾಸ್ತಿ. ಆ ಸಂಜೆ ಘಾಟಿಯಲ್ಲಿ ಮರ ಮತ್ತು ಮಣ್ಣು ರಸ್ತೆಗೆ ಬಂದು ಗಾಡಿಗಳು ಕತ್ತಲಲ್ಲಿ ಮೂರು ಗಂಟೆ ನಿಂತಿದ್ದವಂತೆ. ನಾವು ಹೊರಟಿದ್ದರೆ ಆ ಸಾಲಿನಲ್ಲೇ ಇರುತ್ತಿದ್ದೆವು, ಅಮ್ಮನನ್ನು ಕೂರಿಸಿಕೊಂಡು. ಮರುದಿನ ಮಳೆ ಇಳಿಯಿತು. ಹತ್ತಕ್ಕೆ ಹೊರಟು ಊಟದ ಹೊತ್ತು ಮೀರುವಷ್ಟರಲ್ಲಿ ಮನೆ ಸೇರಿದೆವು.

ಭಾವ ಈಗ ಮುಂದಿನ ಮಳೆಗಾಲಕ್ಕೆ ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗೋಣ, ಪುಟ ನೀನೇ ಬರಿ ಅಂತಿದ್ದಾರೆ. ಆ ಘಾಟಿಗೆ ನನ್ನ ಹತ್ತಿರ ಅಳತೆ ಇಲ್ಲ. ಶಿರಾಡಿಯ ಹತ್ತು ಇಂಚನ್ನೇ ಅಲ್ಲಿಗೂ ಹಾಕೋಕೆ ಧೈರ್ಯ ಇಲ್ಲ. ಕೊಟ್ಟಿಗೆಹಾರದ ಕಡೆ ದಿನಾ ಮಳೆ ಅಳೆಯುವ ತೋಟದವರು ಒಬ್ಬರು ಸಿಗಬೇಕು. ಹುಡುಕುತ್ತಿದ್ದೇನೆ.