ಸೊನ್ನೆ ಬೇರೆ, ಗೆರೆ ಬೇರೆ: ಅನ್ನಾ ಮಣಿಯವರನ್ನು ಮಡಿಕೇರಿಗೆ ಕರೆತಂದ ನನ್ನ ಕಾಮಿಕ್ಸ್

ಅಪ್ಪ ಮಾದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ಅವರದೇ. ಆದರೆ ದಿನದ ಮೊದಲ ಕೆಲಸ ಮಳೆ ಅಳೆಯುವುದು. ಬಂಗಲೆ ಎದುರಿನ ಹುಲ್ಲಿನಲ್ಲಿ ಒಂದು ಮಳೆಮಾಪಕ ಇತ್ತು. ಅದರ ನೀರನ್ನು ಗಾಜಿನ ಅಳತೆ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಇಂಚು ಮತ್ತು ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಇಂಚು. ಕೊಡಗಿನ ತೋಟದವರು ಈಗಲೂ ಹೀಗೇ ಮಾತಾಡುತ್ತಾರೆ. ಹೂಮಳೆ ಬಂದ ದಿನ ‘ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?’ ಅಂತಲೇ ಫೋನಿನ ಮಾತು ಶುರುವಾಗುತ್ತದೆ.

ಆ ರಿಜಿಸ್ಟರಿನಲ್ಲಿ ಮಳೆ ಬಾರದ ದಿನ ಸೊನ್ನೆ ಇರುತ್ತಿತ್ತು. ಅಳೆಯಲು ಆಗದ ದಿನ ಒಂದು ಅಡ್ಡಗೆರೆ. ಎರಡೂ ಒಂದೇ ಅಲ್ವಾ ಅಂತ ಚಿಕ್ಕಂದಿನಲ್ಲಿ ಕೇಳಿದ್ದೆ.

‘ಅಲ್ಲ ಪುಟ್ಟಿ. ಸೊನ್ನೆ ಅಂದ್ರೆ ನಾನು ನೋಡಿದ್ದೀನಿ, ಮಳೆ ಇರ್ಲಿಲ್ಲ. ಗೆರೆ ಅಂದ್ರೆ ನಾನು ನೋಡ್ಲಿಲ್ಲ’ ಅಂದಿದ್ದರು.

ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಳೆಗಾಲದ ಸಂಜೆಗಳಲ್ಲಿ ಕೂತು 28 ಪುಟದ ಒಂದು ಕಾಮಿಕ್ಸ್ ಮಾಡಿದೆ. ನಿಜವಾದ ವಿಜ್ಞಾನಿಗಳು, ಆದರೆ ಬೇರೆ ದಾರಿ ಹಿಡಿದ ಇತಿಹಾಸ. ಮೂರು ಮಳೆಗಾಲ ಹಿಡಿಯಿತು. ಅಪ್ಪನ ಆ ಗೆರೆ ಇಲ್ಲದಿದ್ದರೆ ಅದು ಮುಗಿಯುತ್ತಲೇ ಇರಲಿಲ್ಲ.

ಮೊದಲ ಮಳೆಗಾಲ ಪೂರ್ತಿ ವ್ಯರ್ಥವಾಯಿತು. ಆಗ ನನ್ನ ತಲೆಯಲ್ಲಿ ಇದ್ದದ್ದು ಭೌತವಿಜ್ಞಾನಿಗಳಾದ ಸಿ.ವಿ. ರಾಮನ್ ಮತ್ತು ಮ್ಯಾಕ್ಸ್ ಬಾರ್ನ್. ಹಿಟ್ಲರನ ಜರ್ಮನಿಯಲ್ಲಿ ಯಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡ ಬಾರ್ನ್ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿದ್ದರು. ನಿರ್ದೇಶಕರಾಗಿದ್ದ ರಾಮನ್ ಅವರನ್ನು ಇಲ್ಲೇ ಉಳಿಸಿಕೊಳ್ಳಲು ತುಂಬಾ ಪ್ರಯತ್ನಪಟ್ಟರು. ಸಂಸ್ಥೆಯೊಳಗೇ ವಿರೋಧ ಬಂತು. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಬೆಂಗಳೂರಿನಲ್ಲೇ ಉಳಿದಿದ್ದರೆ? ಇಷ್ಟು ಸಾಕಿತ್ತು. ನಾನು ನಿಲ್ಲಿಸಲಿಲ್ಲ. 1966ರಲ್ಲಿ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದ ವಿಮಾನದಲ್ಲಿ ಹೋಮಿ ಭಾಭಾ ಇರಲಿಲ್ಲ ಅಂತ ಬರೆದೆ. 1971ರಲ್ಲಿ ಕೋವಳಂನಲ್ಲಿ ವಿಕ್ರಮ್ ಸಾರಾಭಾಯಿ ಸಾಯಲಿಲ್ಲ ಅಂತಲೂ ಬರೆದೆ. ಪ್ರತಿ ಪುಟದಲ್ಲೂ ಎಲ್ಲರೂ ಗೆಲ್ಲುತ್ತಿದ್ದರು. ಕಥೆಯಲ್ಲಿ ಜೀವವೇ ಇರಲಿಲ್ಲ.

ನಮ್ಮ ಶಾಲೆಯ ವಿಜ್ಞಾನದ ಮೇಡಂ ಪುಟ ತಿರುವಿ ನೋಡಿ ಒಂದೇ ಪ್ರಶ್ನೆ ಕೇಳಿದರು. ‘ಟೀಚರ್, ಇದರಲ್ಲಿ ನಿಮಗೆ ನಿಜವಾಗಿ ಸಂಕಟ ಆಗಿದ್ದು ಯಾವುದು?’

ನನಗೆ ಸಂಕಟ ಆಗಿದ್ದ ಸಂಗತಿ ಆ ಪುಟಗಳಲ್ಲಿ ಇರಲೇ ಇಲ್ಲ. ಅದು ಭೌತವಿಜ್ಞಾನಿ ಅನ್ನಾ ಮಣಿಯವರದು. 1918ರಲ್ಲಿ ಈಗಿನ ಕೇರಳದ ಪೀರ್‌ಮೇಡ್‌ನಲ್ಲಿ ಹುಟ್ಟಿದವರು. ನಮ್ಮಂಥದ್ದೇ ಮಲೆನಾಡು, ಏಲಕ್ಕಿ ತೋಟದ ಮನೆ. 1940ರಲ್ಲಿ ರಾಮನ್ ಅವರ ಪ್ರಯೋಗಾಲಯ ಸೇರಿ ವಜ್ರ ಮತ್ತು ಮಾಣಿಕ್ಯದ ಬೆಳಕನ್ನು ಅಭ್ಯಾಸ ಮಾಡಿದರು. ಒಂದೊಂದು ಫೋಟೋ ಪ್ಲೇಟಿಗೂ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕಿತ್ತು. ಎಷ್ಟೋ ರಾತ್ರಿ ಅಲ್ಲೇ ಕಳೆದರು. ಒಬ್ಬರೇ ಐದು ಪ್ರಬಂಧ ಪ್ರಕಟಿಸಿದರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಡಾಕ್ಟರೇಟ್ ಪ್ರಬಂಧ ಕೊಟ್ಟರು. ಎಂ.ಎಸ್ಸಿ. ಆಗಿಲ್ಲ ಅಂತ ಪದವಿ ಕೊಡಲಿಲ್ಲ. ಮಾಡಿದ ಕೆಲಸ ಕಣ್ಣೆದುರು ಇದ್ದರೂ ಒಂದು ಕಾಗದ ಇಲ್ಲ ಅಂತ ವಾಪಸ್ ಕಳಿಸಿದ್ದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ.

ಸರಿ, ಇದೊಂದನ್ನೇ ಬದಲಾಯಿಸೋಣ ಅಂದುಕೊಂಡೆ. ನನ್ನ ಕಥೆಯಲ್ಲಿ 1945ರಲ್ಲಿ ಅವರಿಗೆ ಪದವಿ ಸಿಗುತ್ತದೆ. ಬರೆಯುವಾಗ ಎದೆ ತುಂಬಿ ಬಂದಿತ್ತು. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಸಿಕ್ಕಿಬಿದ್ದೆ.

ಯಾಕೆಂದರೆ ನಿಜವಾದ ಇತಿಹಾಸದಲ್ಲಿ ಅವರು ಅದೇ ವರ್ಷ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೊರಟರು. ಭೌತಶಾಸ್ತ್ರ ಓದುವ ಆಸೆ ಇತ್ತು. ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. 1948ರಲ್ಲಿ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ತಯಾರಿಸುವ ಹಾಗೆ ಸುಮಾರು ನೂರು ಉಪಕರಣಗಳ ನಕ್ಷೆ ಸಿದ್ಧಪಡಿಸಿದರು. ಸಾರಾಭಾಯಿ ಕೇಳಿಕೊಂಡಾಗ ಕೇರಳದ ‘ತುಂಬಾ’ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಹವಾಮಾನ ಉಪಕರಣಗಳನ್ನು ನಿಲ್ಲಿಸಿದರು. ಈಗ ನಾನು 1945ರ ಅನ್ಯಾಯ ಸರಿಮಾಡಿದರೆ ಅವರು ಬೆಂಗಳೂರಿನಲ್ಲೇ ವಜ್ರದ ಜೊತೆ ಉಳಿಯುತ್ತಾರೆ. ಆ ನೂರು ನಕ್ಷೆ ಯಾರು ಬರೆಯಬೇಕು?

ಅನ್ಯಾಯ ಹಾಗೇ ಇರಲಿ ಅನ್ನಲು ಮನಸ್ಸು ಬರಲಿಲ್ಲ. ಉಪಕರಣಗಳು ಬೇಡ ಅನ್ನಲೂ ಆಗಲಿಲ್ಲ. ಎರಡು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ದಾರಿ ಸಿಕ್ಕಿದ್ದು ಅಪ್ಪನ ರಿಜಿಸ್ಟರಿನಲ್ಲಿ. ಸುಮ್ನೆ ತೆಗೆದು ನೋಡುತ್ತಿದ್ದೆ. 2018ರ ಆಗಸ್ಟ್ ಪುಟ ಬಂತು. ದಿನಕ್ಕೆ ಐದು ಇಂಚು, ಏಳು ಇಂಚು. ಆಮೇಲೆ ನಾಲ್ಕು ಗೆರೆ. ಆ ನಾಲ್ಕು ದಿನ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆ ಗುಡ್ಡಗಳು ಜಾರುತ್ತಿದ್ದವು. ಅಪ್ಪ ಅಮ್ಮ ಪರಿಹಾರ ಕೇಂದ್ರದಲ್ಲಿ ಇದ್ದರು. ಮಳೆ ಅತಿ ಜಾಸ್ತಿ ಬಿದ್ದ ದಿನಗಳೇ ಪುಸ್ತಕದಲ್ಲಿ ಗೆರೆಯಾಗಿದ್ದವು.

ಆಗ ಹೊಳೆಯಿತು. ಡಾಕ್ಟರ್ ಅನ್ನಾ ಮಣಿ 1951ರಲ್ಲಿ ವಿಶ್ರಾಂತಿಗೆ ಅಂತ ಕೊಡಗಿನ ಒಂದು ತೋಟಕ್ಕೆ ಬರಲಿ. ತೋಟದ ರೈಟರ್ ಮಳೆ ಬರೆಯುವುದನ್ನು ನೋಡಲಿ. ಈ ಗೆರೆ ಏನು ಅಂತ ಅವರೂ ಕೇಳಲಿ. ಒಂದು ಪ್ಲೇಟಿಗೆ ಇಪ್ಪತ್ತು ಗಂಟೆ ಕಾದ ಮನುಷ್ಯರಿಗೆ, ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ವಾಸಿ ಅಂತ ನಂಬಿದವರಿಗೆ, ಆ ಗೆರೆ ಹಾಕಿದ ರೈಟರ್ ಅರ್ಥವಾಗದೆ ಇರುತ್ತಾರೆಯೇ? ಲಂಡನ್‌ಗೆ ಹೋಗುವ ಮೊದಲೇ ಆ ಸ್ವಭಾವ ಅವರಲ್ಲಿ ಇತ್ತು. ನಾನು ಬದಲಾಯಿಸಿದ್ದು ದಾರಿಯನ್ನು ಮಾತ್ರ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ದಾಖಲೆಯಲ್ಲಿ ‘ನಡೆಯಲಿಲ್ಲ’ ಅಂತ ಖಚಿತವಾಗಿ ಇರುವುದು ಸೊನ್ನೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ಸೊನ್ನೆಯನ್ನು ಬದಲಾಯಿಸಬಹುದು, ಅದನ್ನೂ ಮೊದಲ ಪುಟದಲ್ಲೇ ಹೇಳಿಬಿಡಬೇಕು. ದಾಖಲೆ ಏನೂ ಹೇಳದ ಜಾಗ ಗೆರೆ. ಅಲ್ಲಿ ಕಲ್ಪನೆ ಮಾಡಬಹುದು. ಅವರು ಚಿಕ್ಕಂದಿನಲ್ಲಿ ತೋಟದ ಮಳೆಮಾಪಕದ ಪಕ್ಕ ನಿಂತಿರುವ ಚಿತ್ರ ಹಾಕಿದ್ದೇನೆ. ಅದು ಗೆರೆ. ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಬೇಡ, ವಿಶ್ವಕೋಶ ಕೊಡಿಸಿ ಅಂದದ್ದು ಅವರ ಜೀವನಚರಿತ್ರೆಯಲ್ಲೇ ಬರುತ್ತದೆ. ಅದನ್ನು ಒಂದು ಕೂದಲೂ ಕದಲಿಸಲಿಲ್ಲ.

ಇನ್ನು ಕಥೆಯೊಳಗಿನ ಮಳೆ ಅಳೆಯುವ ಯಂತ್ರ. ಈ ಭಾಗ ಮಾಡುವಾಗ ನನಗೆ ಆದಷ್ಟು ಖುಷಿ ಬೇರೆಲ್ಲೂ ಆಗಲಿಲ್ಲ. ಕೊಡಗು ಆಗ ಪ್ರತ್ಯೇಕ ರಾಜ್ಯ, ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಹಾಗಾಗಿ ಮಡಿಕೇರಿ ಕೋಟೆಯಲ್ಲಿ ಒಂದು ಪುಟ್ಟ ಮಳೆ ಕಚೇರಿ ಇಟ್ಟೆ. ಬೆಟ್ಟಗಳ ಮೇಲೆ ಹನ್ನೆರಡು ಮಳೆಮಾಪಕ. ಒಳಗೆ ಮಕ್ಕಳು ಎರಡು ತುದಿಗೆ ಕೂತು ಏರಿ ಇಳಿಯುವ ಸೀಸಾ ಹಲಗೆಯ ಹಾಗೆ ಎರಡು ಬದಿಗೂ ಪುಟ್ಟ ತೊಟ್ಟಿ. ಒಂದು ತುಂಬಿದರೆ ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಇಂಥ ಮಾಪಕ ನಿಜಕ್ಕೂ ಇದೆ. ಇಂಚಿನ ನೂರನೇ ಒಂದು ಭಾಗಕ್ಕೆ ಒಂದು ಸಲ ವಾಲುವ ಹಾಗೆ ಮಾಡುತ್ತಾರೆ. ಅಂದರೆ ಒಂದು ವಾಲಿಗೆ ಒಂದು ಸೆಂಟ್! ಇದು ಗೊತ್ತಾದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಎರಡು ಸಲ ಹೇಳಿಸಿಕೊಂಡರು.

ಪ್ರತಿ ವಾಲಿಗೂ ಒಂದು ತಂತಿ ಮುಟ್ಟಿ, ರೇಡಿಯೋದಲ್ಲಿ ‘ಟಿಕ್’ ಅಂತ ಕೋಟೆಗೆ ಹೋಗುತ್ತದೆ. ಇಲ್ಲಿ ವಿಜ್ಞಾನದ ಮೇಡಂ ನನ್ನನ್ನು ಹಿಡಿದು ನಿಲ್ಲಿಸಿದರು. ಟ್ರಾನ್ಸಿಸ್ಟರ್ ಕಂಡುಹಿಡಿದದ್ದು 1947ರ ಡಿಸೆಂಬರಿನಲ್ಲಿ, 1951ರ ಕೊಡಗಿನಲ್ಲಿ ಅದು ಸಿಗುವುದಿಲ್ಲ, ವಾಲ್ವ್ ರೇಡಿಯೋನೇ ಆಗಬೇಕು ಅಂದರು. ವಾಲ್ವ್ ಬಿಸಿಯಾಗಲು ತುಂಬಾ ಕರೆಂಟ್ ಬೇಕು. ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಹಾಗಾದರೆ ಯಾರಾದರೂ ಆ ಭಾರದ ಬ್ಯಾಟರಿಯನ್ನು ಜಿಗಣೆ ತುಂಬಿದ ದಾರಿಯಲ್ಲಿ ಹೊತ್ತು ಬೆಟ್ಟ ಹತ್ತಬೇಕು. ಹೀಗೆ ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಹುಡುಗ ಕಥೆಗೆ ಬಂದ. ಈಗ ಮಕ್ಕಳಿಗೆ ಅವನೇ ತುಂಬಾ ಇಷ್ಟ.

ಮಳೆ ಒಂದನ್ನೇ ಅಳೆದರೆ ಗುಡ್ಡದ ಸುದ್ದಿ ಗೊತ್ತಾಗುವುದಿಲ್ಲ. ನೀರು ಇಂಗಿ ಮಣ್ಣಿನ ಕಣಗಳ ನಡುವೆ ಒತ್ತಡ ಏರುತ್ತದೆ. ಕಣಗಳ ಹಿಡಿತ ಸಡಿಲವಾಗುತ್ತದೆ. ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಅದಕ್ಕೇ ಇಳಿಜಾರಿನಲ್ಲಿ ತೂತು ಕೊಳವೆ ಇಳಿಸಿ, ಒಳಗೆ ಒಂದು ತೇಲು ಬಿಟ್ಟು, ನೀರಿನ ಮಟ್ಟವನ್ನೂ ಕೋಟೆಗೆ ಕಳಿಸುವ ಹಾಗೆ ಮಾಡಿದೆ.

ಕಥೆಯ ಕೊನೆ ಕಕ್ಕಡ ತಿಂಗಳ, ಅಂದರೆ ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳ, ಒಂದು ರಾತ್ರಿ. ಹನ್ನೊಂದು ಕಡೆಯಿಂದ ಟಿಕ್ ಬರುತ್ತಿದೆ. ಹನ್ನೆರಡನೆಯದು ನಿಂತಿದೆ. ಅಲ್ಲಿ ಮಳೆ ನಿಂತಿತೆಂದು ಗುಮಾಸ್ತ ಸೊನ್ನೆ ಬರೆಯಲು ಹೋಗುತ್ತಾನೆ. ಅನ್ನಾ ಮಣಿ ಅವನ ಕೈ ತಡೆದು ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಆ ಕಣಿವೆಯ ಊರಿನವರನ್ನು ಎಬ್ಬಿಸಲು ಜನ ಓಡುತ್ತಾರೆ. ಈ ನಾಲ್ಕು ಪುಟದಲ್ಲಿ ಅವರು ಒಂದೇ ಒಂದು ಮಾತಾಡುವುದಿಲ್ಲ. ಬೇಕಂತಲೇ ಹಾಗೆ ಮಾಡಿದೆ. ಬದುಕಿ ಹೋದ ದೊಡ್ಡವರ ಬಾಯಲ್ಲಿ ನಾವು ಬರೆದ ಭಾಷಣ ಇಡುವುದು ಸರಿಯಲ್ಲ. ಪುಸ್ತಕದಲ್ಲೆಲ್ಲ ಅವರ ಮಾತು ಕೆಲಸಕ್ಕೆ ಬೇಕಾದಷ್ಟೇ ಇದೆ: ಎಷ್ಟಾಯಿತು, ಯಾವಾಗ ನೋಡಿದಿರಿ, ಮತ್ತೆ ನೋಡಿ.

ರಾಮನ್ ಅವರನ್ನು ಬರೆಯುವುದು ಅದಕ್ಕಿಂತ ಕಷ್ಟ. ಪೇಟ ಇಟ್ಟರೆ ಯಾರಾದರೂ ಗುರುತಿಸುತ್ತಾರೆ, ಚಿತ್ರ ಸುಲಭ. ಆದರೆ ಅವರನ್ನು ದೇವರ ಪಟದ ಹಾಗೆ ಬರೆಯಲು ನನಗೆ ಇಷ್ಟವಿರಲಿಲ್ಲ. ವಜ್ರಗಳನ್ನು ನಂಬಿ ಆ ಹುಡುಗಿಯ ಕೈಗೆ ಕೊಟ್ಟವರೂ ಅವರೇ. ಹುಡುಗ ಹುಡುಗಿಯರು ಪರಸ್ಪರ ಮಾತಾಡಬಾರದು ಎಂಬ ಕಟ್ಟುಪಾಡು ಇದ್ದದ್ದೂ ಅವರ ಪ್ರಯೋಗಾಲಯದಲ್ಲೇ. 1933ರಲ್ಲಿ ಹೆಣ್ಣು ಅಂತ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೊನಿಯವರಿಗೆ ಪ್ರವೇಶ ನಿರಾಕರಿಸಿ, ಅವರು ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡದ್ದೂ ನಿಜ. ಇದನ್ನು ಒಂದೇ ಚೌಕದಲ್ಲಿ ತೋರಿಸಿದೆ. ಉದ್ದನೆಯ ಓಣಿ, ಕೊನೆಯಲ್ಲಿ ಒಬ್ಬ ಹುಡುಗಿ ಕೈಯಲ್ಲಿ ಪ್ಲೇಟ್ ಹಿಡಿದು ನಿಂತಿದ್ದಾಳೆ. ಈಚೆ ಗುಂಪಾಗಿ ನಗುತ್ತಿರುವ ಹುಡುಗರು. ಅಷ್ಟೇ.

ಬಣ್ಣ ಒಂದೇ ಬಳಸಿದೆ. ನಿಜವಾಗಿ ನಡೆದದ್ದು ಕಪ್ಪು ಬಿಳುಪು. ನಾನು ಬದಲಾಯಿಸಿದ ಜಗತ್ತು ನೇರಳೆ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ಬೇಯಿಸಿದ ನೀರಿಗೆ ಬರುತ್ತದಲ್ಲ, ಆ ನೇರಳೆ. ಕೊಡಗಿನ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಅನ್ನಾ ಮಣಿ ಬಾಳಿನುದ್ದಕ್ಕೂ ಖಾದಿ ಉಟ್ಟವರು. ಖಾದಿ ಸೀರೆ ರೇಷ್ಮೆಯ ಹಾಗೆ ಹೊಳೆಯುವುದಿಲ್ಲ, ನೆರಿಗೆ ದಪ್ಪ. ಆ ದಪ್ಪ ಬರಲು ಬ್ರಷ್ ಬಿಟ್ಟು ಅಗಲ ನಿಬ್ಬಿನ ಪೆನ್ನು ಹಿಡಿದೆ. ಜುಲೈನಲ್ಲಿ ಡ್ರಾಯಿಂಗ್ ಶೀಟು ತೇವ ಕುಡಿದು ಇಂಕು ಹರಡುತ್ತದೆ. ಹಾಳೆಗಳನ್ನು ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು, ಒಂದೊಂದೇ ಇಳಿಸಿಕೊಂಡು ಬರೆದೆ.

ಅಕ್ಷರದ ವಿಷಯ ಹೇಳಲೇಬೇಕು. ಮಾತಿನ ಗುಳ್ಳೆ ಇಂಗ್ಲಿಷ್ ಕಾಮಿಕ್ಸ್ ಅಳತೆಗೆ ಬರೆದರೆ ಕನ್ನಡ ಅದರಲ್ಲಿ ಕೂರುವುದಿಲ್ಲ. ನಮಗೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಮೊದಲು ಅಕ್ಷರ ಬರೆದು ಆಮೇಲೆ ಗುಳ್ಳೆ ಸುತ್ತುವುದೇ ಸರಿ. ಮೈಸೂರಿನ ಒಂದು ಪ್ರೆಸ್‌ನಲ್ಲಿ ಮೊದಲ ಐವತ್ತು ಪ್ರತಿ ಮಾಡಿಸಿದಾಗ ಅಂಚು ಜಾಸ್ತಿ ಕತ್ತರಿಸಿ, ಕೆಳಗಿನ ಸಾಲಿನ ಒತ್ತಕ್ಷರಗಳೆಲ್ಲ ಹೋದವು. ‘ಬಿತ್ತು’ ಅಂತ ಇದ್ದದ್ದು ‘ಬಿತು’ ಆಗಿತ್ತು. ಮತ್ತೆ ಮಾಡಿಸಲು ದುಡ್ಡು ನನ್ನದೇ ಹೋಯಿತು. ಈಗ ಪುಟದ ನಾಲ್ಕೂ ಬದಿ ಒಂದು ಬೆರಳಷ್ಟು ಜಾಗ ಖಾಲಿ ಬಿಟ್ಟೇ ಬರೆಯುತ್ತೇನೆ.

ಕೊನೆಯ ಎರಡು ಪುಟದಲ್ಲಿ ನಿಜವಾಗಿ ಏನಾಯಿತು ಅಂತ ಬರೆದಿದ್ದೇನೆ. ಪದವಿ ಸಿಗಲಿಲ್ಲ, ಲಂಡನ್, ಪುಣೆ, ನೂರು ನಕ್ಷೆ, 1976ರಲ್ಲಿ ನಿವೃತ್ತಿ, 2001ರಲ್ಲಿ ಸಾವು. ಏಳನೇ ಕ್ಲಾಸಿನ ಒಬ್ಬ ಹುಡುಗಿ ಅದನ್ನು ಓದಿ ‘ಟೀಚರ್, ಹಾಗಾದ್ರೆ ಅವರಿಗೆ ಕೊನೇತನಕ ಕೊಡ್ಲೇ ಇಲ್ವಾ?’ ಅಂತ ಕೇಳಿದಳು. ಕೊಡಲಿಲ್ಲ ಅಂದೆ. ಅವಳು ಪುಸ್ತಕ ತಿರುಗಿಸಿ ಪದವಿ ಸಿಗುವ ನೇರಳೆ ಪುಟಕ್ಕೆ ಹೋಗಿ ತುಂಬಾ ಹೊತ್ತು ನೋಡಿದಳು.

ಈ ಮಳೆಗಾಲಕ್ಕೆ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅವರನ್ನು ಹಿಡಿದಿದ್ದೇನೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಸಿಗುವ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದವರು. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದವರು. ಅವರ ಕೈಗೆ ನಮ್ಮ ಕಾಫಿ ಗಿಡ ಕೊಟ್ಟರೆ ಏನಾಗುತ್ತಿತ್ತು ಅಂತ ಯೋಚಿಸುತ್ತಿದ್ದೇನೆ. ಬದಲಾಯಿಸುವ ಆ ಒಂದು ಸೊನ್ನೆ ಯಾವುದು ಅಂತ ಇನ್ನೂ ನಿರ್ಧಾರ ಆಗಿಲ್ಲ. ಹಾಳೆಗಳು ಮಾತ್ರ ಆಗಲೇ ಅಟ್ಟ ಹತ್ತಿವೆ.